ಹಿತ್ತಲಿನ ತರಕಾರಿ ನಾಯಿಗೆ ಆಗುತ್ತದೆಯೇ? ಬದನೆ ಮಡಿಯ ಲೆಕ್ಕ ತಾಳೆಯಾಗುತ್ತಿಲ್ಲ

ಹಿತ್ತಲಿನ ಎಣಿಕೆ
ಬುಧವಾರ, ಬೆಳಗ್ಗೆ 7.10

ನಮಸ್ಕಾರ. ಬ್ಯಾಂಕಿನ ನಗದು ಕೌಂಟರಿನಲ್ಲಿ 31 ವರ್ಷ ಕುಳಿತು ನಿವೃತ್ತಳಾದವಳು ನಾನು. ಏನನ್ನೂ ಎಣಿಸದೆ ಬಿಟ್ಟು ಅಭ್ಯಾಸವಿಲ್ಲ. ಈ ಬರಹದಲ್ಲೂ ಎಣಿಕೆ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಿಂದೆ 12 ಅಡಿ ಅಗಲ, 30 ಅಡಿ ಉದ್ದದ ಹಿತ್ತಲಿದೆ. ಈರನಗೆರೆ ಬದನೆ 6 ಗಿಡ, ಟೊಮೆಟೊ 8 ಗಿಡ, ಒಂದು ಸಾಲು ಹುರುಳಿಕಾಯಿ, ಕಾಂಪೌಂಡಿನ ಮೇಲೆ ಹಬ್ಬಿದ ಹೀರೆ, ಒಂದು ಮಡಿ ಸಾಂಬಾರ್ ಈರುಳ್ಳಿ, ಬಟ್ಟೆ ಒಗೆಯುವ ಕಲ್ಲಿನ ನೀರು ಹರಿದು ಹೋಗುವಲ್ಲಿ ಕೆಸು, ಮೂಲೆಯಲ್ಲಿ ನುಗ್ಗೆ ಮರ. ಕಳೆದ ದೀಪಾವಳಿಯ ರಾತ್ರಿ ಸದ್ದಿಗೆ ಹೆದರಿದ ನಾಟಿ ನಾಯಿಯೊಂದು ನಮ್ಮ ನೀರಿನ ತೊಟ್ಟಿಯ ಹಿಂದೆ ಬಂದು ಅಡಗಿತು. ಬೆಳಗಾದರೂ ಹೋಗಲಿಲ್ಲ. ಪಕ್ಕದ ಮನೆಯ ಹುಡುಗ ಅದಕ್ಕೆ ‘ಪಟಾಕಿ’ ಎಂದು ಹೆಸರಿಟ್ಟ. ಪಟಾಕಿಗೆ ಹೆದರುವ ಪಟಾಕಿ. ಗಂಡು, ತೂಕ 18 ಕೆ.ಜಿ. ನಾನು ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಅದರಲ್ಲಿ ನನ್ನ ತೂಕ ಕಳೆದು ಬಂದ ಅಂಕಿ ಇದು. ಸೊಂಟ ಎರಡು ದಿನ ಹಿಡಿದುಕೊಂಡಿತ್ತು.

ಇವನಿಗೆ ತೋಟದ ಹುಚ್ಚು. ನಾನು ಹುರುಳಿಕಾಯಿ ಬಿಡಿಸುವಾಗ ಪಕ್ಕದಲ್ಲೇ ಕುಳಿತು ಒಂದೊಂದೇ ಕಾಯಿ ಕೇಳಿ ತಿನ್ನುತ್ತಾನೆ. ನೆಲಕ್ಕೆ ತಾಗಿದ ಹಣ್ಣು ಟೊಮೆಟೊ ನಮಗೆ ಸಿಗುವುದೇ ಇಲ್ಲ. ಈರುಳ್ಳಿ ಮಡಿಯಲ್ಲಿ ಓಡಾಡುತ್ತಾನೆ. ಈ ಸೋಮವಾರದಿಂದ ಬದನೆ ಗಿಡಗಳ ಬುಡವನ್ನು ಕೆದಕಲು ಶುರುಮಾಡಿದ್ದಾನೆ. ಗದರಿಸಿದರೆ ಮೂತಿಗೆಲ್ಲ ಮಣ್ಣು ಮೆತ್ತಿಕೊಂಡು, ಏನೂ ಗೊತ್ತಿಲ್ಲದವನಂತೆ ಬಂದು ನಿಲ್ಲುತ್ತಾನೆ.

ನಮ್ಮ ಅತ್ತೆಗೆ 84 ವರ್ಷ. ತಮ್ಮ ತಟ್ಟೆಯಿಂದ ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ಅವನಿಗೆ ಹಾಕುತ್ತಾರೆ. ಬೇಡವೆಂದರೆ, “ಪ್ರಾಣಿಗೆ ತನಗೆ ಆಗದ್ದು ಯಾವುದೆಂದು ನಿನಗಿಂತ ಚೆನ್ನಾಗಿ ಗೊತ್ತು” ಎನ್ನುತ್ತಾರೆ. ಈರುಳ್ಳಿ ನಾಯಿಗೆ ವಿಷ ಎಂದು ನಾನು ಎಲ್ಲೋ ಓದಿದ್ದೆ. ಅದನ್ನು ಹೇಳಿದರೆ, “ಹಾಗಾದರೆ ನಮ್ಮ ಊರಿನಲ್ಲಿ ಒಂದು ನಾಯಿಯೂ ಬದುಕಿರಬಾರದಿತ್ತು” ಎಂದು ಬಾಯಿ ಮುಚ್ಚಿಸಿದರು.

ನನ್ನ ಪ್ರಶ್ನೆ: ಮೇಲೆ ಹೇಳಿದವುಗಳಲ್ಲಿ ಯಾವುದು ನಾಯಿಗೆ ಆಗುತ್ತದೆ, ಯಾವುದು ಆಗುವುದಿಲ್ಲ? ಬದನೆ ಗಿಡದ ಬೇರು ತಿಂದರೆ ಏನಾದರೂ ಆಗುತ್ತದೆಯೇ?

ನಿನ್ನೆ ಸಂಜೆ ಎರಡು ಬಾರಿ ವಾಂತಿ ಮಾಡಿದ. ಇಂದು ಬೆಳಗ್ಗೆ ಹಾಲನ್ನೂ ಮೂಸಿ ನೋಡಲಿಲ್ಲ. ಹುಲ್ಲು ತಿಂದು ಸರಿಮಾಡಿಕೊಳ್ಳುತ್ತಾನೆ ಎಂದು ಅತ್ತೆ ಹೇಳುತ್ತಿದ್ದಾರೆ.


ಆಲೆಮನೆ ಹುಡುಗ
ಬುಧವಾರ, ಬೆಳಗ್ಗೆ 7.45

ಅಕ್ಕಾ, ನಾನು ಮಂಡ್ಯದ ಕಡೆಯವನು. ಕಬ್ಬು, ಭತ್ತ, ಒಂದಿಷ್ಟು ತರಕಾರಿ. ನಿಮ್ಮ ಅತ್ತೆಯವರ ಮಾತನ್ನೇ ನಾನೂ ಹೇಳುತ್ತೇನೆ. ನಮ್ಮ ತಾತನ ಕಾಲದಿಂದ ನಮ್ಮ ಮನೆಯ ನಾಯಿಗಳು ಮುದ್ದೆ, ಉಪ್ಪುಸಾರು ತಿಂದೇ ಆಲೆಮನೆ ಕಾದಿವೆ. ಈಗಿರುವುದು ಗೆಣಸಿನ ಹೊಲಕ್ಕೆ ಇಳಿದರೆ ನಮಗಿಂತ ಮೊದಲು ಗೆಡ್ಡೆ ಕೀಳುತ್ತದೆ, ಕಬ್ಬಿನ ತುಂಡು ಸಿಕ್ಕರೆ ಹಲ್ಲಿನಲ್ಲಿ ಸಿಗಿದು ರಸ ಹೀರುತ್ತದೆ, ಎಳೆ ಸೌತೆಕಾಯಿಯನ್ನಂತೂ ಬಳ್ಳಿಯಲ್ಲಿ ಉಳಿಸುವುದಿಲ್ಲ. ಏನೂ ಆಗಿಲ್ಲ. ಪೇಟೆಯವರು ನಾಯಿಗೂ ಪಥ್ಯ ಹಿಡಿಯುತ್ತೀರಿ.

ಬದನೆ ಬೇರನ್ನು ನಾಯಿ ತಿನ್ನುವುದನ್ನು ಮಾತ್ರ ನಾನು ಕಂಡಿಲ್ಲ. ಇಲಿಯ ಬಿಲವೇನಾದರೂ ಇದೆಯೇ ನೋಡಿ.


ಬೆಟ್ಟದ ತಪ್ಪಲು
ಬುಧವಾರ, ಬೆಳಗ್ಗೆ 8.20

ತರಕಾರಿ ತಿಂದರೆ ಏನೂ ಆಗುವುದಿಲ್ಲ ಎನ್ನುವವರಿಗೆ ನನ್ನ ಕಥೆ. ಹೋದ ಆಷಾಢದಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವಾಗ ಸುಟ್ಟ ಮುಸುಕಿನ ಜೋಳ ತಂದಿದ್ದೆವು. ಕಾಳು ತಿಂದು ದಿಂಡನ್ನು ಬುಟ್ಟಿಗೆ ಹಾಕಿದೆವು. ನಮ್ಮ ಲ್ಯಾಬ್ರಡಾರ್ ಅದನ್ನು ಎಳೆದುಕೊಂಡು ಎರಡು ತುಂಡು ಮಾಡಿ ನುಂಗಿತು. ಮೂರು ದಿನ ವಾಂತಿ. ಎಕ್ಸ್-ರೇಯಲ್ಲಿ ಸರಿಯಾಗಿ ಕಾಣಿಸಲಿಲ್ಲ, ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಕರುಳಿಗೆ ಅಡ್ಡ ಸಿಕ್ಕಿಕೊಂಡದ್ದು ಗೊತ್ತಾಯಿತು. ಹೊಟ್ಟೆ ಕೊಯ್ದು ತೆಗೆದರು. ಜೋಳ ವಿಷವಲ್ಲ, ದಿಂಡು ಕರಗುವುದಿಲ್ಲ, ಅಷ್ಟೇ. ನಿಮ್ಮ ನುಗ್ಗೆಕಾಯಿ ಸಿಪ್ಪೆಯ ಮೇಲೂ ಒಂದು ಕಣ್ಣಿಡಿ.


ನಿವೃತ್ತ ಪಶುವೈದ್ಯ
ಬುಧವಾರ, ಬೆಳಗ್ಗೆ 9.05

ಮೇಡಂ, ಎಲ್ಲಕ್ಕಿಂತ ಮೊದಲು ಬರೆಯಬೇಕಾದ ಮಾತನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ತರಕಾರಿ ಓಡಿಹೋಗುವುದಿಲ್ಲ. ಈಗ ಎದ್ದು ಹೋಗಿ ಪಟಾಕಿಯ ಮೇಲ್ತುಟಿ ಎತ್ತಿ ವಸಡು ನೋಡಿ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಮಲ ಹೇಗಿದೆ, ರಕ್ತವಿದೆಯೇ, ಮೂತ್ರ ಯಾವ ಬಣ್ಣದಲ್ಲಿದೆ ಎಂಬುದನ್ನೂ ನೋಡಿ ಬರೆಯಿರಿ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ. ಆ ಉಪ್ಪೇ ನಾಯಿಯನ್ನು ಕೊಂದ ಪ್ರಸಂಗಗಳಿವೆ. ಹುಲ್ಲನ್ನು ನಂಬಿ ಕೂರಬೇಡಿ.

ನೀವು ನೋಡಿ ಬರುವಷ್ಟರಲ್ಲಿ ಉಳಿದದ್ದನ್ನು ಹೇಳುತ್ತೇನೆ.

ಹುರುಳಿಕಾಯಿ, ಹೀರೆ, ಸೌತೆ, ಕ್ಯಾರೆಟ್, ಸಿಹಿಗುಂಬಳ, ಸೀಮೆಬದನೆ, ಬೇಯಿಸಿದ ಗೆಣಸು ಇವಕ್ಕೆಲ್ಲ ಹೆದರಬೇಕಿಲ್ಲ. ಒಗ್ಗರಣೆ, ಉಪ್ಪು, ಖಾರ ಬೀಳುವ ಮೊದಲು ಒಂದು ಹಿಡಿ ತೆಗೆದಿಟ್ಟು ಕೊಡಿ. ದಿನದ ಊಟದಲ್ಲಿ ಹತ್ತನೆಯ ಒಂದು ಪಾಲು ದಾಟದಿದ್ದರೆ ಸಾಕು. ಸೋರೆಕಾಯಿ ಕೊಡುವುದಾದರೆ ಮೊದಲು ನೀವು ಚೂರು ನೆಕ್ಕಿ ನೋಡಿ. ಕಹಿ ಇದ್ದರೆ ಅದು ನಾಯಿಗಷ್ಟೇ ಅಲ್ಲ, ನಿಮಗೂ ವಿಷ. ಟೊಮೆಟೊ ಹಣ್ಣಾಗಿದ್ದರೆ ತೊಂದರೆಯಿಲ್ಲ. ಹಸಿರು ಕಾಯಿ, ಎಲೆ, ಕಾಂಡದಲ್ಲಿ ಟೊಮ್ಯಾಟಿನ್ ಎಂಬ ವಸ್ತುವಿದೆ, ಹೊಟ್ಟೆ ಕೆಡಿಸುತ್ತದೆ. ಆಲೂಗಡ್ಡೆ ಮೊಳಕೆ ಬಂದಿದ್ದರೆ, ಹಸಿರು ತಿರುಗಿದ್ದರೆ ನಾಯಿಗೂ ಬೇಡ, ನಿಮಗೂ ಬೇಡ. ಬದನೆ ಗಿಡವೂ ಅದೇ ಕುಟುಂಬದ್ದು. ಕಾಯಿಯ ಎರಡು ಹೋಳು ತಿಂದರೆ ಏನೂ ಆಗುವುದಿಲ್ಲ, ಎಲೆ ಕಾಂಡ ಬೇಡ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ನಾವು ಹುಳಿ ಹಾಕಿ ಬೇಯಿಸಿ ತಿನ್ನುವುದು ಅದಕ್ಕೇ. ಹಸಿಯಾಗಿ ಅಗಿದ ನಾಯಿ ಜೊಲ್ಲು ಸುರಿಸುತ್ತಾ ಮೂತಿಯನ್ನು ನೆಲಕ್ಕೆ ಉಜ್ಜುತ್ತದೆ. ಒಮ್ಮೆ ಕಲಿತರೆ ಸಾಮಾನ್ಯವಾಗಿ ಎರಡನೆಯ ಬಾರಿ ಹೋಗುವುದಿಲ್ಲ.

ಈರುಳ್ಳಿಗೆ ಬರುತ್ತೇನೆ. ಆಲೆಮನೆಯವರು ಕೋಪಿಸಿಕೊಳ್ಳಬಾರದು. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾಗಿರಲಿ, ಬೆಂದಿರಲಿ, ಪುಡಿಯಾಗಿರಲಿ, ವ್ಯತ್ಯಾಸವಿಲ್ಲ. ನಾಯಿಯ ತೂಕದ ಪ್ರತಿ ಕೆ.ಜಿ.ಗೆ 15ರಿಂದ 30 ಗ್ರಾಂ ಈರುಳ್ಳಿ ಸೇರಿದರೆ ರಕ್ತದಲ್ಲಿ ಬದಲಾವಣೆ ಕಾಣಿಸುತ್ತದೆ. 18 ಕೆ.ಜಿ. ನಾಯಿಗೆ ಲೆಕ್ಕ ಹಾಕಿದರೆ 270 ಗ್ರಾಂನಿಂದ ಆರಂಭ, ಅಂದರೆ ಎರಡು ಮೂರು ಈರುಳ್ಳಿ. ಬೆಳ್ಳುಳ್ಳಿ ಇನ್ನೂ ಕಡಿಮೆ ಸಾಕು. ಬಸ್ಸಾರಿನಲ್ಲಿ ಅದ್ದಿದ ನಾಲ್ಕು ತುತ್ತಿನಲ್ಲಿ ಅಷ್ಟು ಇರುವುದಿಲ್ಲ. ಅತ್ತೆಯವರು ಅಷ್ಟರ ಮಟ್ಟಿಗೆ ಸರಿ. ಆದರೆ ದಿನವೂ ಬಿದ್ದರೆ ಕೂಡುತ್ತಾ ಹೋಗುತ್ತದೆ. ಲಕ್ಷಣ ಕೂಡಲೇ ಕಾಣುವುದಿಲ್ಲ. ಮೂರರಿಂದ ಐದು ದಿನ ಕಳೆದು ವಸಡು ಬಿಳಿಚುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ನಾಯಿ ಮೆಟ್ಟಿಲು ಹತ್ತಲಾರದೆ ಕೂರುತ್ತದೆ. ಐದು ದಿನ ಹಿಂದಿನ ಊಟ ಯಾರಿಗೆ ನೆನಪಿರುತ್ತದೆ? ಮಂಡ್ಯ ಜಿಲ್ಲೆಯ ತಾಲ್ಲೂಕುಗಳಲ್ಲಿ ಕೆಲಸ ಮಾಡಿದವನು ನಾನು. ಹುಲ್ಲಿನ ಮೆದೆಯ ಹಿಂದೆ ಸತ್ತು ಬಿದ್ದ ನಾಯಿಯ ರಕ್ತ ಪರೀಕ್ಷೆ ಮಾಡಿಸಿದ ಒಂದು ಮನೆಯನ್ನೂ ನೋಡಲಿಲ್ಲ. ‘ಹಾವು ಮುಟ್ಟಿರಬೇಕು’ ಎಂದು ಮಣ್ಣು ಮಾಡಿಬಿಡುತ್ತಿದ್ದರು. ಏನೂ ಆಗಿಲ್ಲ ಎನ್ನುವುದಕ್ಕೆ ಲೆಕ್ಕ ಇಟ್ಟವರು ಯಾರು?

ಬಸ್ಸಾರಿನಲ್ಲಿ ನನಗೆ ಈರುಳ್ಳಿಯಷ್ಟೇ ಭಯ ಹುಣಸೆಹಣ್ಣಿನದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಏಕೆ ಕೆಡುತ್ತದೆ ಎಂಬುದು ಬಹಳ ವರ್ಷ ಒಗಟಾಗಿತ್ತು. ಅಮೆರಿಕದ ಪಶುವೈದ್ಯರು 2021ರಲ್ಲಿ ಟಾರ್ಟಾರಿಕ್ ಆಮ್ಲದ ಕಡೆಗೆ ಬೆರಳು ತೋರಿಸಿದರು. ಮಕ್ಕಳು ಆಡಲೆಂದು ಮನೆಯಲ್ಲೇ ಕಲಸಿದ್ದ ಹಿಟ್ಟನ್ನು ತಿಂದ ನಾಯಿಯಿಂದ ಅವರಿಗೆ ಸುಳಿವು ಸಿಕ್ಕಿತು, ಆ ಹಿಟ್ಟಿನಲ್ಲಿ ಟಾರ್ಟಾರಿಕ್ ಆಮ್ಲದ ಲವಣವಿತ್ತು. ಹುಣಸೆಯ ಹುಳಿಗೆ ಮುಖ್ಯ ಕಾರಣವೇ ಆ ಆಮ್ಲ. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿಯೂ ಇದೆ. ಸಾರಿನ ಹನಿಗೆ ಗಾಬರಿ ಬೇಡ, ಹುಣಸೆಹಣ್ಣು ಕಿವುಚಿ ಬಿಸಾಡುವ ಗಸಿಯನ್ನು ಮಾತ್ರ ನಾಯಿಗೆ ಎಟುಕುವ ಕಡೆ ಹಾಕಬೇಡಿ.

ಈಗ ನನ್ನದೊಂದು ಪ್ರಶ್ನೆ. ನೀವು ಎಣಿಸುವವರು ಎಂದಿರಿ. ಎಷ್ಟು ಬದನೆಕಾಯಿ ಕಾಣೆಯಾಗಿವೆ?


ಹಿತ್ತಲಿನ ಎಣಿಕೆ
ಬುಧವಾರ, ಬೆಳಗ್ಗೆ 9.40

ಡಾಕ್ಟರೇ, ವಸಡು ಗುಲಾಬಿಯಾಗಿಯೇ ಇದೆ, ಒತ್ತಿದರೆ ಬಣ್ಣ ಬೇಗ ಮರಳುತ್ತದೆ. ಮೂತ್ರ ಹಳದಿ. ಆದರೆ ನೀವು ಹೇಳಿದ ಮೇಲೆ ಕಾಂಪೌಂಡಿನ ಮೂಲೆಗೆ ಹೋಗಿ ನೋಡಿದೆ. ಮಲ ನೀರಾಗಿದೆ, ಅದರಲ್ಲಿ ಕೆಂಪು ಎಳೆಗಳಿವೆ. ಕೈಕಾಲು ತಣ್ಣಗಾಯಿತು ನನಗೆ. ಮಗ ಆಟೊ ಕರೆಯುತ್ತಿದ್ದಾನೆ.

ಲೆಕ್ಕ ಇದು. ಭಾನುವಾರ ಸಂಜೆ ಗಿಡದಲ್ಲಿ 11 ಬದನೆ ಇದ್ದವು. ನಿನ್ನೆ ಪಲ್ಯಕ್ಕೆ 4 ಕೊಯ್ದೆ. ಈಗ 7 ಇವೆ. ಒಂದೂ ಕಾಣೆಯಾಗಿಲ್ಲ. ಎಲೆಗಳಿಗೆ ಹಲ್ಲು ತಾಗಿದ ಗುರುತಿಲ್ಲ. ಟೊಮೆಟೊ ಹಣ್ಣು 3 ಇಲ್ಲ, ಹಸಿರು ಕಾಯಿ ಎಲ್ಲವೂ ಇವೆ. ಸಾಂಬಾರ್ ಈರುಳ್ಳಿ 2 ಬುಡ ಕಿತ್ತಿದ್ದಾನೆ, ಎರಡರ ಗೆಡ್ಡೆಯೂ ಅಲ್ಲೇ ಬಿದ್ದಿವೆ. ಕೆಸು ಮುಟ್ಟಿಲ್ಲ. ಅಂದರೆ ತಿನ್ನಬಾರದ್ದು ಏನನ್ನೂ ತಿಂದಿಲ್ಲ! ಆದರೂ ಬದನೆಯ 6 ಬುಡಗಳನ್ನೂ ಒಂದು ಗೇಣು ಆಳ ತೋಡಿದ್ದಾನೆ. ಬೇರು ಹಾಗೇ ಇದೆ. ಇಲಿಯ ಬಿಲವಿಲ್ಲ. ಏನು ತೆಗೆದ ಎಂದೇ ತಿಳಿಯುತ್ತಿಲ್ಲ.


ನಿವೃತ್ತ ಪಶುವೈದ್ಯ
ಬುಧವಾರ, ಬೆಳಗ್ಗೆ 9.44

ಭಾನುವಾರ ಆ ಬುಡಗಳಿಗೆ ಏನು ಹಾಕಿದಿರಿ?


ಹಿತ್ತಲಿನ ಎಣಿಕೆ
ಬುಧವಾರ, ಬೆಳಗ್ಗೆ 9.49

ಗೊಬ್ಬರ. ರಸ್ತೆಯಲ್ಲಿ ಗಾಡಿಯವನೊಬ್ಬ ಮಾರಿಕೊಂಡು ಬಂದಿದ್ದ. ಸಾವಯವ ಮಿಶ್ರಣ, ರಾಸಾಯನಿಕ ಏನೂ ಇಲ್ಲ ಎಂದ. 5 ಕೆ.ಜಿ. ಚೀಲ, ಮೇಲೆ ಏನೂ ಬರೆದಿಲ್ಲ. ಬುಡಕ್ಕೆ ಎರಡು ಹಿಡಿಯಂತೆ 12 ಹಿಡಿ ಹಾಕಿ ಮಣ್ಣು ಮುಚ್ಚಿದೆ. ಕಂದು ಬಣ್ಣ, ಎಣ್ಣೆಯ ವಾಸನೆ, ಮಧ್ಯೆ ಬಿಳಿಯ ಪುಡಿ ಮತ್ತು ಕಪ್ಪು ಸಿಪ್ಪೆಯ ಚೂರುಗಳಿವೆ. ಸಾವಯವವಲ್ಲವೇ, ನಾಯಿಗೆ ಏನಾಗುತ್ತದೆ?


ಆಲೆಮನೆ ಹುಡುಗ
ಬುಧವಾರ, ಬೆಳಗ್ಗೆ 9.52

ಅಕ್ಕಾ, ಅದು ಹರಳು ಹಿಂಡಿ ಇರಬೇಕು, ಹರಳೆಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ಬಿಳಿಯದು ಮೂಳೆ ಪುಡಿ. ಕಪ್ಪು ಸಿಪ್ಪೆ ಹರಳು ಬೀಜದ್ದೇ. ಹಸುವಿಗೆ ಕಡಲೆಕಾಯಿ ಹಿಂಡಿ ಇಡುತ್ತೇವೆ, ಹತ್ತಿಬೀಜದ ಹಿಂಡಿ ಇಡುತ್ತೇವೆ, ಹರಳು ಹಿಂಡಿಯನ್ನು ಮಾತ್ರ ಕೊಟ್ಟಿಗೆಯ ಬಾಗಿಲಿಗೂ ತರುವುದಿಲ್ಲ, ನೇರ ಗದ್ದೆಗೆ. ನಮ್ಮಪ್ಪ ಅದನ್ನು ಮುಟ್ಟಿದ ಕೈಯಲ್ಲಿ ಬೀಡಿ ಕೂಡ ಹಚ್ಚುತ್ತಿರಲಿಲ್ಲ. ಮೂಳೆಯ ವಾಸನೆಗೆ ನಾಯಿ ತೋಡಿದೆ. ಹೊರಡಿ ಮೊದಲು, ಚೀಲವನ್ನೂ ಜೊತೆಗೆ ತೆಗೆದುಕೊಂಡು ಹೋಗಿ.


ನಿವೃತ್ತ ಪಶುವೈದ್ಯ
ಬುಧವಾರ, ಬೆಳಗ್ಗೆ 9.58

ಅವರು ಹೇಳಿದ್ದು ಸರಿ. ಈರುಳ್ಳಿಯ ವಿಷಯದಲ್ಲಿ ನಾನು ಅವರಿಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಇದನ್ನು ನನಗಿಂತ ಮೊದಲು ಹಿಡಿದದ್ದು ಅವರು.

ಹರಳು ಬೀಜದಲ್ಲಿ ರಿಸಿನ್ ಎಂಬ ವಿಷವಿದೆ. ಎಣ್ಣೆ ತೆಗೆದಾಗ ಅದು ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಕಾಯಿಸಿದ ಹಿಂಡಿಯಲ್ಲಿ ಶಕ್ತಿ ಕುಂದಿರುತ್ತದೆ, ಆದರೆ ಹೆಸರಿಲ್ಲದ ಚೀಲ ನೋಡಿ ಅದನ್ನು ಹೇಳಲಾಗದು. ತಿಂದ ಕೆಲವು ಗಂಟೆಗಳಿಂದ ಒಂದೂವರೆ ದಿನದೊಳಗೆ ವಾಂತಿ, ಹೊಟ್ಟೆನೋವು, ರಕ್ತಭೇದಿ. ಪ್ರತಿವಿಷವೆಂಬುದು ಇಲ್ಲ. ಡ್ರಿಪ್ ಹಾಕಿ, ಹೊಟ್ಟೆಯನ್ನು ಕಾಪಾಡಿ, ಮೂತ್ರಪಿಂಡ ಮತ್ತು ಯಕೃತ್ತಿನ ಮೇಲೆ ಕಣ್ಣಿಟ್ಟು ಕಾಯಬೇಕು. ಬೇಗ ಹೋದಷ್ಟೂ ಒಳ್ಳೆಯದು. ಆಸ್ಪತ್ರೆಯಲ್ಲಿ ‘ವಾಂತಿ’ ಎಂದಷ್ಟೇ ಹೇಳಬೇಡಿ. ‘ಹರಳು ಹಿಂಡಿ ತಿಂದಿರಬಹುದು, ಸೋಮವಾರದಿಂದ’ ಎಂದು ಹೇಳಿ.


ಬೆಟ್ಟದ ತಪ್ಪಲು
ಗುರುವಾರ, ರಾತ್ರಿ 9.15

ಏನಾಯಿತು ಅಮ್ಮಾ? ಒಂದು ಸಾಲು ಬರೆಯಿರಿ.


ಹಿತ್ತಲಿನ ಎಣಿಕೆ
ಭಾನುವಾರ, ಬೆಳಗ್ಗೆ 6.30

ಬರೆಯಲು ತಡವಾಯಿತು, ಕ್ಷಮಿಸಿ. ಪಟಾಕಿ ಮನೆಗೆ ಬಂದಿದ್ದಾನೆ.

ಬುಧವಾರ, ಗುರುವಾರ ಎರಡು ದಿನವೂ ಡ್ರಿಪ್ ಹಾಕಿದರು. ಚೀಲದ ಪುಡಿಯನ್ನು ಅಂಗೈ ಮೇಲೆ ಹರಡಿ ನೋಡಿದ ಅಲ್ಲಿನ ಡಾಕ್ಟರಮ್ಮ ಮೊದಲು ನನಗೆ ಕೈ ತೊಳೆದುಕೊಂಡು ಬರಲು ಹೇಳಿದರು, ಆಮೇಲೆ ತಾವೂ ತೊಳೆದುಕೊಂಡರು. ರಕ್ತ ಎರಡು ಬಾರಿ ಪರೀಕ್ಷೆಯಾಯಿತು. ಮೂತ್ರಪಿಂಡ ಚೆನ್ನಾಗಿದೆ. ಯಕೃತ್ತಿನ ಒಂದು ಅಂಕಿ ಸ್ವಲ್ಪ ಏರಿತ್ತು, ಹತ್ತು ದಿನ ಬಿಟ್ಟು ಮತ್ತೆ ನೋಡಬೇಕಂತೆ. ಶುಕ್ರವಾರ ಮಧ್ಯಾಹ್ನ ಗಂಜಿ ಕುಡಿದ. ಅಲ್ಲಿಯ ತಕ್ಕಡಿಯಲ್ಲಿ ಅವನ ತೂಕ 17.4 ಕೆ.ಜಿ. ಎರಡು ದಿನ ಉಪವಾಸವಿದ್ದವನ ತೂಕ ಅದು, ನನ್ನ ಕಳೆಯುವ ಲೆಕ್ಕದಲ್ಲಿ ತಪ್ಪಿರಲಿಲ್ಲ.

ನಾನು ಆರು ಬಗೆಯ ಗಿಡದ ಮೇಲೆ ಅನುಮಾನಪಟ್ಟು, ಸ್ವಂತ ಕೈಯಲ್ಲಿ ಹಾಕಿದ 12 ಹಿಡಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೌಂಟರಿನಲ್ಲಿ ಹಣ ಕಡಿಮೆಯಾದಾಗ ಹೊಸಬರು ಹೀಗೆಯೇ ಗ್ರಾಹಕರ ಮುಖ ನೋಡುತ್ತಿದ್ದರು. ಮೊದಲು ನಿನ್ನ ಡ್ರಾಯರ್ ನೋಡು ಎಂದು ಅವರಿಗೆ ಹೇಳುತ್ತಿದ್ದವಳೂ ನಾನೇ.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಈರುಳ್ಳಿ, ಹುಣಸೆ, ರಕ್ತಕಣ, ಮೂತ್ರಪಿಂಡ, ಯಾವುದನ್ನೂ ಬಿಡಲಿಲ್ಲ. ತಾಳ್ಮೆಯಿಂದ ಕೇಳಿಸಿಕೊಂಡು, “ನಾನು ಹಾಕಿದ್ದು ಬಸ್ಸಾರು, ನೀನು ಹಾಕಿದ್ದು ವಿಷ” ಎಂದರು. ಉತ್ತರ ಹೊಳೆಯಲಿಲ್ಲ. ಆದರೆ ನಿನ್ನೆ ರಾತ್ರಿ ಅಡುಗೆಮನೆಗೆ ಬಂದು, ಖಾರ ರುಬ್ಬುವ ಮೊದಲೇ ಬೆಂದ ಹುರುಳಿಕಾಯಿಯನ್ನು ಒಂದು ಬಟ್ಟಲಿಗೆ ಬಸಿದಿಟ್ಟರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬದನೆ ಮಡಿಯ ಮೇಲ್ಮಣ್ಣನ್ನು ಒಂದು ಗೇಣಿನಷ್ಟು ತೆಗೆದು, ಕೈಗೆ ಗ್ಲೌಸ್ ಹಾಕಿಕೊಂಡು ಎರಡು ಗೋಣಿಚೀಲಕ್ಕೆ ತುಂಬಿಸಿದ್ದೇನೆ. ಉಳಿದ ಗೊಬ್ಬರವೂ ಇದೆ, ಸುಮಾರು ಮೂರೂವರೆ ಕೆ.ಜಿ. ಇದನ್ನು ಬೀದಿಯ ಕಸಕ್ಕೆ ಹಾಕಿದರೆ ಅಲ್ಲಿಯ ನಾಯಿಗಳ ಗತಿ? ಎಲ್ಲಿ ಹಾಕಲಿ ಎಂದು ತಿಳಿಯುತ್ತಿಲ್ಲ. ಗಾಡಿಯವನು ಮತ್ತೆ ಈ ಕಡೆ ಬಂದಿಲ್ಲ. ಬಂದರೆ ಗೇಟಿನ ಬಳಿಯೇ ಕುಳ್ಳಿರಿಸಿ ಇದನ್ನೆಲ್ಲ ಓದಿಸಬೇಕೆಂದಿದ್ದೇನೆ.


ನಿವೃತ್ತ ಪಶುವೈದ್ಯ
ಭಾನುವಾರ, ಬೆಳಗ್ಗೆ 7.20

ಸಂತೋಷ. ಹಿತ್ತಲಿಗೆ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಮೂಳೆ ಪುಡಿ ಬೇಕೇ ಬೇಕೆಂದರೆ ಮಡಿಯ ಸುತ್ತ ಬಲೆ ಕಟ್ಟಿ. ನಾಯಿ ಆ ಪುಡಿಯನ್ನು ಒಂದೇ ಸಲಕ್ಕೆ ಬಹಳ ತಿಂದರೆ ಹೊಟ್ಟೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಮಳೆ ಬಂದಾಗ ಬಸವನಹುಳುವನ್ನು ಕೊಲ್ಲಲೆಂದು ಮಾರುವ ಗುಳಿಗೆಯನ್ನು ಮಾತ್ರ ತರಬೇಡಿ. ಅದರಲ್ಲಿರುವ ಮೆಟಾಲ್ಡಿಹೈಡ್ ನಾಯಿಗೆ ಸೆಳವು ಬರಿಸುತ್ತದೆ. ಹುಳುವನ್ನು ಸಂಜೆ ಕೈಯಿಂದ ಆರಿಸಿ. ಎಣಿಸುವುದು ಹೇಗೂ ನಿಮಗೆ ಇಷ್ಟ.


ಆಲೆಮನೆ ಹುಡುಗ
ಭಾನುವಾರ, ಬೆಳಗ್ಗೆ 8.00

ಅಕ್ಕಾ, ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ. ಮಂಗಳವಾರ ಮೈಸೂರಿಗೆ ಟೊಮೆಟೊ ಹಾಕಿಕೊಂಡು ಬರುತ್ತೇನೆ, ಹಿಂದಿರುಗುವಾಗ ಗಾಡಿ ಖಾಲಿ ಇರುತ್ತದೆ. ಕಬ್ಬಿನ ಸಾಲಿಗೆ ಆಳವಾಗಿ ಹಾಕಿ ನೀರು ಬಿಡುತ್ತೇನೆ. ಆ ಗದ್ದೆಗೆ ನಮ್ಮ ನಾಯಿ ಬರುವುದಿಲ್ಲ, ಬಂದರೂ ಈ ಸಲ ಕಟ್ಟಿಹಾಕುತ್ತೇನೆ.

ಡಾಕ್ಟರೇ, ಒಂದು ಮಾತು. ನಿನ್ನೆ ನಮ್ಮ ನಾಯಿಯ ತುಟಿ ಎತ್ತಿ ನೋಡಿದೆ. ಗುಲಾಬಿಯೋ ಬಿಳಿಯೋ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಯಾವುದರ ಜೊತೆ ಹೋಲಿಸಿ ನೋಡಬೇಕು?


ನಿವೃತ್ತ ಪಶುವೈದ್ಯ
ಭಾನುವಾರ, ಬೆಳಗ್ಗೆ 8.12

ಕನ್ನಡಿಯ ಮುಂದೆ ನಿಂತು ನಿಮ್ಮ ವಸಡಿನ ಜೊತೆಗೇ ಹೋಲಿಸಿ ನೋಡಿ. ಹಗಲು ಬೆಳಕಿನಲ್ಲಿ ನೋಡಬೇಕು, ಬಲ್ಬಿನ ಕೆಳಗಲ್ಲ. ಅನುಮಾನವಿದ್ದರೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬನ್ನಿ. ಮುದ್ದೆ ನಿಲ್ಲಿಸಬೇಕಿಲ್ಲ. ಸಾರಿನ ಬದಲು ಮಜ್ಜಿಗೆ ಹಾಕಿ.


ಹಿತ್ತಲಿನ ಎಣಿಕೆ
ಮಂಗಳವಾರ, ಸಂಜೆ 5.50

ಚೀಲಗಳು ಹೋದವು. ಬಂದವರಿಗೆ ಅತ್ತೆ ಕಾಫಿ ಕೊಟ್ಟು, ನಾಯಿಗೆ ಏನು ಹಾಕುತ್ತೀಯಪ್ಪ ಎಂದು ಅರ್ಧ ಗಂಟೆ ವಿಚಾರಿಸಿದರು. ಇಂದಿನ ಲೆಕ್ಕ: ಬದನೆ 9, ಎಲ್ಲವೂ ಗಿಡದಲ್ಲೇ ಇವೆ. ಟೊಮೆಟೊ ಹಣ್ಣು ಒಂದು ಕಡಿಮೆ. ಅದನ್ನು ಪಟಾಕಿಯ ಖಾತೆಗೆ ಬರೆದಿದ್ದೇನೆ.